ತಪಾಸಣೆಗೆಂದು ಬಿಚ್ಚಿಟ್ಟ ಚಿಲಕಗಳು

ಮೂರನೆಯ ಮಹಡಿ, ಹೊಲಿಗೆ ಕೋಣೆ
ಮಾರ್ಚ್ ೧೪, ಬುಧವಾರ

ಅಣ್ಣನಿಗೆ ತಂಗಿಯ ನಮಸ್ಕಾರ.

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆಯ ಸಕ್ಕರೆ ಹತೋಟಿಗೆ ಬಂತೇ? ನಾನು ಗಟ್ಟಿಯಾಗಿದ್ದೇನೆ. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಕಣ್ಣು ಸತಾಯಿಸುತ್ತದೆ. ಉಳಿದದ್ದೆಲ್ಲ ಬೇಡವೆಂದರೂ ಕಾಣುತ್ತದೆ.

ಹೋದ ತಿಂಗಳ ಕಾಗದದಲ್ಲಿ ನೀನು, "ಲೈಸೆನ್ಸ್ ಇರೋ ಮನೆ, ಸರ್ಕಾರದವರೇ ನೋಡಿ 'ಉತ್ತಮ' ಅಂತ ಬರ್ಕೊಟ್ಟಿದ್ದಾರೆ, ನೀನು ಸುಮ್ನೆ ತಲೆಗೆ ಹುಳ ಬಿಟ್ಕೋಬೇಡ" ಎಂದು ಬರೆದಿದ್ದೆ. ಆ 'ಉತ್ತಮ' ಹುಟ್ಟಿದ ದಿನ ನಾನು ಅಲ್ಲೇ ಇದ್ದೆನಣ್ಣಾ, ಹೆರಿಗೆ ಕಣ್ಣಾರೆ ನೋಡಿದ್ದೇನೆ. ನಮ್ಮ ಪುಟ್ಟಿಗೆ ನಲವತ್ತೆರಡು ತುಂಬಿತು ಎನ್ನುವುದು ನಿನಗೆ ನೆನಪಿದೆಯೋ ಇಲ್ಲವೋ. ಅಮ್ಮ ತೀರಿಕೊಂಡ ತಿಂಗಳೇ, ಬುದ್ಧಿ ನಿಧಾನವಾದ ತಂಗಿಗೆ ಇದೇ ಸರಿ ಎಂದು ಗಾರ್ಡಿಯನ್ ಆಗಿ ಸಹಿ ಹಾಕಿ ನೀನು ಅವಳನ್ನು ಆ ಆರೈಕೆ ಮನೆಗೆ ಸೇರಿಸಿದೆ. ಮೂರು ಕೋಣೆ, ಅವಳಂಥವರೇ ಆರು ಜನ, ಒಬ್ಬಳು ಅಡುಗೆಯವಳು, ಎಲ್ಲಕ್ಕೂ ಮೇಲೆ ಮೇಡಂ. ಮಧ್ಯಾಹ್ನದ ಊಟ ಮುಗಿಯುತ್ತಲೇ ಮೂರೂ ಕೋಣೆಗೆ ಹೊರಗಿನಿಂದ ಚಿಲಕ ಬೀಳುತ್ತದೆ, ಸಂಜೆ ಐದಕ್ಕೆ ಏಳುತ್ತದೆ. ಆ ನಡುವೆ ಮೇಡಂ ನಿದ್ದೆ ಮಾಡುತ್ತಾಳೆ. ನಾನು ಕೇಳಿದ್ದಕ್ಕೆ, "ಓಡಿ ಹೋದ್ರೆ ನೀವು ಹುಡುಕ್ತೀರಾ? ಇದೆಲ್ಲ ಅವರ ಸೇಫ್ಟಿಗೇ" ಎಂದಳು.

ತಪಾಸಣೆಯ ದಿನ ನನ್ನ ಭೇಟಿಯ ದಿನವೂ ಆಗಿತ್ತು. ಅಧಿಕಾರಿ ಎಂಟು ದಿನ ಮುಂಚೆಯೇ ತಿಳಿಸಿ ಬರುವ ಸಜ್ಜನ; ಇಂಥ ಕಾವಲುಗಾರ ಸಿಕ್ಕರೆ ಯಾವ ಕಳ್ಳ ತಾನೇ ಹರಕೆ ಹೊರುವುದಿಲ್ಲ? ನಾನು ಹೋಗುವಷ್ಟರಲ್ಲಿ ಚಿಲಕಗಳು ಮಾಯವಾಗಿದ್ದವು. ಸ್ಕ್ರೂ ತೂತುಗಳಿಗೆ ಪುಟ್ಟಿ ಮೆತ್ತಿ ಹಸಿರು ಬಣ್ಣ ಬಳಿದಿದ್ದರು. ನಮ್ಮ ಪುಟ್ಟಿಯಲ್ಲ, ಬಡಗಿಯ ಪುಟ್ಟಿ. (ನಗು ಬಂದರೆ ನಕ್ಕುಬಿಡು, ಮುಂದೆ ನಗುವಂಥದ್ದಿಲ್ಲ.) ಆ ಮನುಷ್ಯ ಟೇಪು ಬಿಚ್ಚಿ ಮಂಚದಿಂದ ಮಂಚಕ್ಕೆ ಅಳೆದ. ಟೇಪು ತಿರುಚಿಕೊಂಡಿತ್ತು, ನನ್ನ ಅಂಗಡಿಯಲ್ಲಿ ಹಾಗೆ ಅಳೆದವಳಿಗೆ ಗುಂಡಿ ಹಾಕುವ ಕೆಲಸವನ್ನೂ ಕೊಡುತ್ತಿರಲಿಲ್ಲ. "ಮೂರಡಿ ಇರ್ಬೇಕು, ಕಾಲಡಿ ಕಮ್ಮಿ ಇದೆ" ಎಂದ. ಮೇಡಂ ಮೊಣಕಾಲಿನಿಂದ ಮಂಚವನ್ನು ಒಂದು ಸಲ ತಳ್ಳಿದಳು. ನಿಯಮ ಪಾಲನೆಯಾಯಿತು. ಬಲ್ಬು ಎಣಿಸಿದ, ಬಕೆಟ್ಟು ಎಣಿಸಿದ, ಆರು ಜನರನ್ನೂ ಅದೇ ದನಿಯಲ್ಲಿ ಎಣಿಸಿದ.

ಆಗ ಪುಟ್ಟಿ ಎದ್ದು ಬಂದು ಅವನ ಅಂಗಿಯ ತೋಳು ಹಿಡಿದಳು. ಅಪರಿಚಿತರನ್ನು ಕಂಡರೆ ನನ್ನ ಬೆನ್ನ ಹಿಂದೆ ಅಡಗುವವಳು! ಬಾಗಿಲ ಹತ್ತಿರ ಎಳೆದುಕೊಂಡು ಹೋಗಿ, ಅವನ ಬೆರಳನ್ನು ಆ ಹಸಿ ಬಣ್ಣದ ಮೇಲೆ ಒತ್ತಿ, "ಚಿಲಕ. ಮೇಡಂ ಹಾಕ್ತಾರೆ" ಎಂದಳು. ಒಂದು ವರ್ಷದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಅವನು ಕರ್ಚೀಫಿನಿಂದ ಬೆರಳು ಒರೆಸಿಕೊಂಡು ಮೇಡಂ ಕಡೆ ತಿರುಗಿ, "ಬಣ್ಣ ಇನ್ನೂ ಒಣಗಿಲ್ಲ ನೋಡಿ" ಎಂದ. ನಾನು ತಡೆಯಲಾರದೆ, "ಸಾರ್, ಅವಳು ಹೇಳ್ತಿರೋದು ನಿಜ, ದಿನಾ ಕೂಡಿ ಹಾಕ್ತಾರೆ" ಎಂದೆ.

"ನೀವು ಗಾರ್ಡಿಯನ್ನಾ?"

"ಅಕ್ಕ."

"ಹಾಗಾದ್ರೆ ಗಾರ್ಡಿಯನ್ ಹತ್ರ ಬರೆಸಿ ಕಳಿಸಿ. ಈ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ."

ಫಾರಂನಲ್ಲಿ ಅವನು ಬರೆದದ್ದು: 'ನಿವಾಸಿಗಳು ಸ್ನೇಹಪರರಾಗಿದ್ದಾರೆ.'

ಇದನ್ನೆಲ್ಲ ನಾನು ಆಗಲೇ ನಿನಗೆ ಬರೆದೆ. ನಿನ್ನಿಂದ ಬಂದದ್ದು ಆ ಹುಳದ ಮಾತು. ಅವನಾದರೂ ಸಂಬಳಕ್ಕೆ ಕುರುಡ. ನೀನು ಬಿಟ್ಟಿ ಕುರುಡನಣ್ಣಾ.

ಈ ತಿಂಗಳ ಎರಡನೆಯ ತಾರೀಕು ಹೇಳದೆ ಕೇಳದೆ ಮಧ್ಯಾಹ್ನ ಮೂರಕ್ಕೆ ಹೋದೆ. ಚಿಲಕಗಳು ಮತ್ತೆ ತಮ್ಮ ಜಾಗದಲ್ಲಿದ್ದವು. ನಾನೇ ತೆಗೆದೆ. ಪುಟ್ಟಿ ಒದ್ದೆ ಬಟ್ಟೆಯಲ್ಲಿ ಬಾಗಿಲ ಬುಡದಲ್ಲೇ ಕೂತಿದ್ದಳು. ಬಡಿದು ಬಡಿದು ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ನನ್ನನ್ನು ನೋಡಿ ಅಳಲಿಲ್ಲ, "ಹೋಗೋಣ" ಎಂದಳು. ರಿಜಿಸ್ಟರಿನಲ್ಲಿ 'ಅಕ್ಕನ ಮನೆಗೆ, ಎರಡು ದಿನ' ಎಂದು ಬರೆದು ಕರೆತಂದೆ. ಇವತ್ತಿಗೆ ಹನ್ನೆರಡು ದಿನ. ಇಷ್ಟು ವರ್ಷ ಒಂದು ಚಿಲಕ ಕಾಣದ ಇಲಾಖೆಗೆ ಮೂರನೆಯ ದಿನವೇ ಅವಳು ಮಂಚದಲ್ಲಿಲ್ಲದ್ದು ಕಂಡಿತು. ಗಾರ್ಡಿಯನ್ ಒಪ್ಪಿಗೆಯಿಲ್ಲದೆ ಕರೆದೊಯ್ದಿದ್ದೀರಿ ಎಂದು ನೋಟಿಸು ಬಂತು. ಮೊಸರಿನಲ್ಲಿ ಕಲ್ಲು ಹುಡುಕುವವರು, ಅನ್ನದಲ್ಲಿ ಕಲ್ಲಿದೆ ಎಂದರೆ ಕಿವುಡರು.

ಸುಖವಾಗಿದ್ದೇವೆ ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ಮೊನ್ನೆ ಗಿರಾಕಿಯೊಬ್ಬರ ಹೊಸ ರವಿಕೆಯನ್ನು ಕತ್ತರಿಯಲ್ಲಿ ಎರಡು ಮಾಡಿದಳು. ನಾನು ಬೈದೆ, ಆಮೇಲೆ ಇಬ್ಬರೂ ಅತ್ತೆವು. ಆದರೂ ಮಧ್ಯಾಹ್ನ ಊಟವಾದ ಮೇಲೆ ಅವಳು ಬಾಲ್ಕನಿಗೆ ಹೋಗುತ್ತಾಳೆ, ಒಳಗೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಏನೂ ಕೆಲಸವಿರುವುದಿಲ್ಲ. ಹೋಗಿ ಬರುವುದೇ ಕೆಲಸ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ತಂಗಿ

ಮರೆತಿದ್ದೆ: ಗಾರ್ಡಿಯನ್ ಜವಾಬ್ದಾರಿಯನ್ನು ನನಗೆ ಬಿಟ್ಟುಕೊಡುವ ಅರ್ಜಿ ಇದರ ಜೊತೆಗಿದೆ. ಇಪ್ಪತ್ತೆರಡನೆಯ ತಾರೀಕಿನ ಒಳಗೆ ಅದು ನನ್ನ ಕೈ ಸೇರದಿದ್ದರೆ ಇಲಾಖೆಯವರು ಅವಳನ್ನು ಕರೆದೊಯ್ಯಲು ಬರುತ್ತಾರಂತೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಮೂರು ಕಡೆ ಸಹಿ ಮಾಡು. ಓದುವ ತೊಂದರೆ ತೆಗೆದುಕೊಳ್ಳಬೇಡ, ಹೋದ ಸಲವೂ ನೀನು ಓದಿರಲಿಲ್ಲ. ಟಪಾಲಿನಲ್ಲಿ ಕಳಿಸಿದರೆ ಸಾಕು. ನೀನು ಬರುವುದು ಬೇಡ.