ಮಂಗೋಲನಾಗಿರುವುದರಲ್ಲಿ ನಪಾಸಾದ ಹುಡುಗ

ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದ ಉಪಾಧ್ಯಕ್ಷರಿಗೆ,

ಮಾನ್ಯರೇ,

ನನ್ನ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ತೆಮೂಲೆನ್ ಎಂಬ ಹುಡುಗನನ್ನು ನೀವು ಫೇಲು ಮಾಡಿದ್ದೀರಿ. ಗಣಿತದಲ್ಲಲ್ಲ, ಫ್ರೆಂಚಿನಲ್ಲಲ್ಲ, ಅವನು ಕಲಿಯಲು ಬಂದ ನೀರಿನ ಎಂಜಿನಿಯರಿಂಗಿನಲ್ಲೂ ಅಲ್ಲ. ಅವುಗಳಲ್ಲೆಲ್ಲ ಅವನು ತರಗತಿಗೇ ಮುಂದು. ನೀವು ಫೇಲು ಮಾಡಿರುವುದು ಅವನು ಮಂಗೋಲಿಯದವನಾಗಿರುವುದರಲ್ಲಿ. ಉಲಾನ್‌ಬಾತರಿನಲ್ಲಿ ಹುಟ್ಟಿ, ಮಂಗೋಲ್ ತಾಯಿಯ ಹಾಲು ಕುಡಿದು, ಮಂಗೋಲ್ ಪಾಸ್‌ಪೋರ್ಟ್ ಹಿಡಿದು ಬಂದವನಿಗೆ ಮಂಗೋಲನಾಗಿರಲು ಬರುವುದಿಲ್ಲ ಎಂದು ಉತ್ತರ ಫ್ರಾನ್ಸಿನ ನಾಲ್ಕು ಜನ ಮೇಜಿನ ಹಿಂದೆ ಕುಳಿತು ತೀರ್ಮಾನಿಸಿದ್ದಾರೆ. ಕಲಿತವರು ಹೇಳಿದ ಮೇಲೆ ಇದ್ದರೂ ಇರಬಹುದು. ನಾನು ಹದಿನಾಲ್ಕಕ್ಕೇ ಶಾಲೆ ಬಿಟ್ಟು ಕುದುರೆ ಮಾಂಸದ ಅಂಗಡಿಯಲ್ಲಿ ಕತ್ತಿ ಹಿಡಿದು ನಿಂತವಳು. ಇಂಥ ಸೂಕ್ಷ್ಮಗಳು ನನಗೆ ತಿಳಿಯುವುದಿಲ್ಲ. ತಿಳಿಯದ್ದನ್ನು ಕೇಳೋಣವೆಂದರೆ ನಿಮ್ಮ ಕಚೇರಿಯವರು ನಿಮ್ಮ ಬಾಗಿಲು ತೋರಿಸುವುದಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ಊರೂ ಕೇಳಿಸಿಕೊಳ್ಳಲಿ.

ಈ ಘನ ವಿಷಯಕ್ಕೆ ನೀವು ಇಟ್ಟಿರುವ ಹೆಸರು ‘ಮೂಲ ಸಂಸ್ಕೃತಿಯ ನಿರೂಪಣೆ’. ಹೊರದೇಶದಿಂದ ಬಂದ ಪ್ರತಿಯೊಬ್ಬನೂ ಮೊದಲ ವರ್ಷ ತನ್ನ ದೇಶವನ್ನು ನಿಮ್ಮ ಮುಂದೆ ಆಡಿ ತೋರಿಸಬೇಕು. ಇಪ್ಪತ್ತಕ್ಕೆ ಹತ್ತು ಬರದಿದ್ದರೆ ಎರಡನೇ ವರ್ಷಕ್ಕೆ ದಾಖಲಾತಿ ಇಲ್ಲ. ದಾಖಲಾತಿ ಇಲ್ಲದಿದ್ದರೆ ಜಿಲ್ಲಾ ಕಚೇರಿ ವಾಸದ ಪರವಾನಗಿ ಕೊಡುವುದಿಲ್ಲ. ಪರವಾನಗಿ ಇಲ್ಲದಿದ್ದರೆ ವಿಮಾನ. ಅಂದರೆ ಸಾಕಷ್ಟು ಮಂಗೋಲನಲ್ಲದ ತಪ್ಪಿಗೆ ಅವನನ್ನು ಮಂಗೋಲಿಯಕ್ಕೆ ಕಳಿಸುತ್ತೀರಿ. ಅಲ್ಲಿಯವರು ಒಳಗೆ ಬಿಟ್ಟುಕೊಳ್ಳುತ್ತಾರೆಂದು ಯಾವ ಧೈರ್ಯದಿಂದ ನಂಬಿದ್ದೀರಿ? ನೀವೇ ಕೊಟ್ಟ ಅಂಕಪಟ್ಟಿ ಅವನ ಕೈಯಲ್ಲಿರುತ್ತದಲ್ಲ?

ಜೂನ್ ತಿಂಗಳಲ್ಲಿ ಹುಡುಗ ಪ್ರಾಮಾಣಿಕವಾಗಿ ತನ್ನ ದೇಶದ ಬಗ್ಗೆಯೇ ಮಾತಾಡಿದ. ಅವನ ದೇಶವೆಂದರೆ ಕೊಳವೆ. ಅವರ ಊರಿನಲ್ಲಿ ಚಳಿ ಮೈನಸ್ ಮೂವತ್ತಕ್ಕೆ ಇಳಿಯುತ್ತದೆ. ವಿದ್ಯುತ್ ಸ್ಥಾವರದಲ್ಲಿ ಕಾದ ನೀರು ದಪ್ಪ ದಪ್ಪ ಕೊಳವೆಗಳಲ್ಲಿ ಹರಿದು ಊರಿನ ಮನೆಗಳನ್ನು ಬೆಚ್ಚಗಿಡುತ್ತದೆ. ಅವನ ಅಪ್ಪ ಆ ಕೊಳವೆಗಳ ರಿಪೇರಿಯವನು. ನಡುಚಳಿಯಲ್ಲಿ ಒಂದು ಕೊಳವೆ ಒಡೆದರೆ ಒಂದು ಬೀದಿಯೇ ಹೆಪ್ಪುಗಟ್ಟುತ್ತದೆ ಎಂದು ಅವನು ಹೇಳುತ್ತಿರುವಾಗಲೇ ನಿಮ್ಮವರು ಕೇಳಿದ್ದು: ಕುದುರೆ ಎಲ್ಲಿ? ಡೇರೆ ಎಲ್ಲಿ? ಗಂಟಲಿನಲ್ಲಿ ಹಾಡುವ ಹಾಡು ಎಲ್ಲಿ? ಕೊಟ್ಟದ್ದು ನಾಲ್ಕು ಅಂಕ. ಕೆಳಗೆ ಷರಾ: ‘ಅಭ್ಯರ್ಥಿಗೆ ತನ್ನ ಬೇರುಗಳ ಪರಿಚಯವಿಲ್ಲ.’ ಬೇರು ಇರುವುದು ಗಿಡಕ್ಕೆ, ಮಾನ್ಯರೇ. ಹುಡುಗನಿಗೆ ಇರುವುದು ಕಾಲು. ಆ ಕಾಲಿನಲ್ಲೇ ಅವನು ನಿಮ್ಮ ತನಕ ಬಂದದ್ದು. ಅದೇ ದಿನ ಬ್ರೆಜಿಲಿನ ಹುಡುಗಿಯೊಬ್ಬಳು ಕುಣಿಯಲು ಒಪ್ಪಲಿಲ್ಲವೆಂದು ಆರು ಅಂಕ ಪಡೆದಳಂತೆ. ಅವಳು ಬಂದಿರುವುದು ಹಲ್ಲಿನ ವೈದ್ಯಕೀಯ ಕಲಿಯಲು.

ಅವತ್ತು ಅಡುಗೆಮನೆಯಲ್ಲಿ ಸೂಪಿನ ಬಟ್ಟಲ ಮುಂದೆ ಕುಳಿತು, “ಮೇಮೆ, ನಾನು ನಕಲಿ ಮಂಗೋಲನಾ?” ಎಂದು ಕೇಳಿದ. ಮೇಮೆ ಎಂದರೆ ನಮ್ಮ ಕಡೆ ಅಜ್ಜಿ. ಬಂದ ಹೊಸದರಲ್ಲಿ ‘ಗೌರವಾನ್ವಿತ ಮನೆಯೊಡತಿಯವರೇ’ ಎನ್ನುತ್ತಿದ್ದ. ಅದನ್ನು ಬಿಡಿಸಿದ್ದು ನಾನೇ.

“ಬಾಯಿ ಮುಚ್ಚಿಕೊಂಡು ಸೂಪು ಕುಡಿಯೋ,” ಎಂದೆ.

“ಬಾಯಿ ಮುಚ್ಚಿಕೊಂಡು ಹ್ಯಾಗೆ ಕುಡೀಲಿ ಮೇಮೆ?”

ಇಷ್ಟು ಬುದ್ಧಿ ಇರುವವನನ್ನು ನೀವು ಕಳಿಸಲು ಹೊರಟಿದ್ದೀರಿ.

ಸೆಪ್ಟೆಂಬರಿಗೆ ಮರುಪರೀಕ್ಷೆ ಎಂದು ತಿಳಿದ ಮೇಲೆ ನಾನೇ ಅವನನ್ನು ಮಂಗೋಲನನ್ನಾಗಿ ಮಾಡಲು ನಿಂತೆ. ಕಾಲುವೆಯ ಪಕ್ಕದ ರೈತ ಯೆರ್ವೆಯ ಹತ್ತಿರ ಒಂದು ಬಿಳಿಯ ಗಾಡಿಕುದುರೆ ಇದೆ. ನಾನು ಬೇಲಿ ದಾಟಿದ ಕೂಡಲೇ ಅದು ಹೊಲದ ಆ ತುದಿಗೆ ಓಡಿತು. ಅಂಗಡಿ ಮುಚ್ಚಿ ಇಷ್ಟು ವರ್ಷವಾದರೂ ಈ ಜಿಲ್ಲೆಯ ಕುದುರೆಗಳು ನನ್ನನ್ನು ಮರೆತಿಲ್ಲ. ನಾನು ರಸ್ತೆಯಲ್ಲಿ ನಿಂತ ಮೇಲೆ ಯೆರ್ವೆ ಹುಡುಗನನ್ನು ಅದರ ಮೇಲೆ ಹತ್ತಿಸಿದ. ಕುದುರೆ ಕಂಡರೆ ಕಾಲುನೋವು ಎನ್ನುವವರನ್ನು ನೋಡಿದ್ದೇನೆ. ಕುದುರೆ ಕಂಡರೆ ಸೀನು ಬರುವವನನ್ನು ಅವತ್ತೇ ನೋಡಿದ್ದು. ಕಣ್ಣು ಊದಿಕೊಂಡು, ಮೂಗು ಸುರಿದು, ಸೀನಿದ ರಭಸಕ್ಕೆ ಹುಡುಗ ಆ ಕಡೆಯಿಂದ ಜಾರಿ ಗೊಬ್ಬರದ ಗುಡ್ಡೆಯಲ್ಲಿ ಕುಳಿತ.

“ಗಿಲೆನಮ್ಮ, ಇವನು ಮಂಗೋಲನಾ? ನಮ್ಮ ಕುದುರೇನೇ ನಂಬ್ತಾ ಇಲ್ಲ,” ಎಂದ ಯೆರ್ವೆ.

“ನಿನ್ನ ಕುದುರೆಗೇನು ಗೊತ್ತು, ಅದು ವಿಶ್ವವಿದ್ಯಾಲಯದಲ್ಲಿ ಓದಿದೆಯಾ?” ಎಂದೆ. ಆಮೇಲೆ ಅನ್ನಿಸಿತು, ಓದಿದ್ದರೆ ನಿಮ್ಮ ಮೇಜಿನ ಹಿಂದೆಯೇ ಅದಕ್ಕೊಂದು ಕುರ್ಚಿ ಸಿಗುತ್ತಿತ್ತೇನೋ.

ಮರುಪರೀಕ್ಷೆಗೆ ಸಾರ್ವಜನಿಕರೂ ಬರಬಹುದೆಂದು ನೀವೇ ಫಲಕ ಹಾಕಿದ್ದಿರಿ. ಹೋದೆ. ಮಳೆ ಇತ್ತು. ತೀರಿಹೋದ ಗಂಡನ ಕುರಿಚರ್ಮದ ಕೋಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತೆ. ನೀವು ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದ್ದಿರಿ. ಹುಲ್ಲುಗಾವಲಿನ ಡೇರೆಯಲ್ಲಿ ಮೂರು ವಾರ ಇದ್ದು ಬಂದವರಂತೆ. ತುದಿ ಮೇಲಕ್ಕೆ ಬಾಗಿದ ಬೂಟು ಹಾಕಿಕೊಂಡಿದ್ದರು. ಹುಡುಗನ ಕಾಲಲ್ಲಿ ನಮ್ಮ ಸಂತೆಯಲ್ಲಿ ಕೊಂಡ ಕ್ಯಾನ್ವಾಸ್ ಶೂ. ಅಲ್ಲಿಗೇ ಅರ್ಧ ಅಂಕ ಹೋಗಿರಬೇಕು.

“ನಿಮ್ಮ ಮನೇಲಿ ಕುದುರೆ ಎಷ್ಟಿವೆ?” ಎಂದರು ತಜ್ಞರು.

“ಇಲ್ಲ ಸರ್. ನಮ್ಮದು ಒಂಬತ್ತನೇ ಮಹಡಿ.”

“ಅದಕ್ಕೂ ಮುಂಚೆ? ನಿಮ್ಮ ಹಿರಿಯರ ಕಾಲದಲ್ಲಿ?”

“ಅದಕ್ಕೂ ಮುಂಚೆ ಐದನೇ ಮಹಡಿ ಸರ್.”

ತಜ್ಞರು ನೊಂದುಕೊಂಡರು. ನಿಮ್ಮ ತಾತನ ಆತ್ಮ ಇದನ್ನು ಕೇಳಿದರೆ ಏನಂದೀತು ಎಂದರು. ತಾತ ಇನ್ನೂ ಇದ್ದಾರೆ, ಟ್ರಾಲಿಬಸ್ಸಿನ ನಿವೃತ್ತ ಚಾಲಕರು ಎಂದು ಹುಡುಗ ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. “ಕುದುರೆ ಕಡಿಯೋ ಮುಂಚೆ ನಿಮ್ಮವರು ಏನು ಮಾಡ್ತಾರೆ, ಅದನ್ನಾದರೂ ಹೇಳಿ,” ಎಂದರು. ಹುಡುಗ ಕುದುರೆ ಎಂಬ ಹೆಸರಿಗೇ ಮೂಗು ಉಜ್ಜಿಕೊಂಡ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಆ ಮಗೂನ ಯಾಕ್ರೀ ಗೋಳು ಹುಯ್ಕೋತೀರಾ? ನಮ್ಮ ಮಾವ ಕಡಿಯೋ ಮುಂಚೆ ಟೋಪಿ ತೆಗೀತಿದ್ದ. ಕುದುರೆ ಕಿವೀಲಿ ಅದರ ಹೆಸರು ಹೇಳ್ತಿದ್ದ. ಆಮೇಲೆ ಒಂದು ಗುಟುಕು ಜಿನ್ ಹಾಕ್ತಿದ್ದ. ಸಾಕಾ?”

ತಜ್ಞರ ಮುಖ ಅರಳಿತು. ಪೆನ್ನು ತೆಗೆದರು. “ನಿಮ್ಮ ಮಾವ ಎಲ್ಲಿಯವರು, ತಾಯಿ?”

“ಕಾಲುವೆಯ ಆಚೆ ದಡದವರು.”

“ಸಾಕು ಮೇಮೆ,” ಎಂದ ಹುಡುಗ. ತಜ್ಞರು ಅದನ್ನೂ ಬರೆದುಕೊಂಡರು. ಮಾನ್ಯರೇ, ನನ್ನ ಕಣ್ಣು ನೀಲಿ. ನನ್ನ ಕೂದಲು ಒಂದು ಕಾಲದಲ್ಲಿ ಒಣಗಿದ ಗೋಧಿ ಹುಲ್ಲಿನ ಬಣ್ಣ. ನನ್ನ ಮಾತು ಕೇಳಿದರೆ ಪ್ಯಾರಿಸಿನವರಿಗೂ ಇವಳು ಈ ಸೀಮೆಯ ಹೆಂಗಸು ಎಂದು ಗೊತ್ತಾಗುತ್ತದೆ. ಆದರೆ ಮರುದಿನ ಗೋಡೆಗೆ ಅಂಟಿಸಿದ ಫಲಿತಾಂಶದಲ್ಲಿ ಹೀಗಿತ್ತು: ‘ಅಭ್ಯರ್ಥಿ, ಏಳು ಅಂಕ. ಅಭ್ಯರ್ಥಿಯ ಅಜ್ಜಿಯ ಮೌಖಿಕ ಸಾಕ್ಷ್ಯ, ಹದಿನಾಲ್ಕು ಅಂಕ. ನದಿಯಾಚೆಯ ಅಲೆಮಾರಿಗಳ ನೆನಪು ಇವರಲ್ಲಿ ಇನ್ನೂ ಜೀವಂತವಾಗಿದೆ.’

ನಾನು ಹುಟ್ಟಿದಂದಿನಿಂದ ಯಾವ ಪರೀಕ್ಷೆಯಲ್ಲೂ ಇಷ್ಟು ಅಂಕ ಪಡೆದವಳಲ್ಲ. ಪಡೆದದ್ದು ಇದರಲ್ಲಿ.

ಕಚೇರಿಗೆ ಹೋಗಿ, ನನ್ನ ಹದಿನಾಲ್ಕನ್ನು ಹುಡುಗನಿಗೆ ಹಾಕಿ ಎಂದೆ. ಕಿಟಕಿಯ ಹಿಂದಿನ ಹೆಣ್ಣುಮಗಳು, “ಅಜ್ಜಿ ಅಂಕ ಮೊಮ್ಮಗನಿಗೆ ಹಾಕೋಕೆ ಬರಲ್ಲಮ್ಮ,” ಎಂದಳು.

“ನಾನು ಅವನ ಅಜ್ಜಿ ಅಲ್ವೇ ಅಲ್ಲ.”

“ಹಾಗಾದ್ರೆ ಅಜ್ಜಿ ಅಲ್ಲ ಅನ್ನೋದಕ್ಕೆ ದಾಖಲೆ ತನ್ನಿ.”

“ತಂದರೆ?”

“ತಂದರೆ ಸುಳ್ಳು ಸಾಕ್ಷಿ ಅಂತ ಅವನಿಗೆ ಸೊನ್ನೆ ಬೀಳುತ್ತೆ.”

ಪಾಪ, ಅವಳ ತಪ್ಪಲ್ಲ. ನಿಮ್ಮ ನಿಯಮವನ್ನು ಓದಿ ಹೇಳಲು ಅವಳನ್ನು ಕೂರಿಸಿದ್ದೀರಿ, ಓದಿ ಹೇಳಿದಳು.

ಈಗ ನನ್ನ ಪ್ರಶ್ನೆ. ಇದೇ ತಕ್ಕಡಿಯಲ್ಲಿ ನನ್ನನ್ನೂ ತೂಗಿ ನೋಡುತ್ತೀರಾ? ವೈನ್ ಕುಡಿದರೆ ನನಗೆ ಎದೆಯುರಿ, ಬಿಯರ್ ಆದರೆ ಸೈ. ಐಫೆಲ್ ಗೋಪುರವನ್ನು ನಾನು ನೋಡಿದ್ದು ಬಿಸ್ಕತ್ತಿನ ಡಬ್ಬಿಯ ಮೇಲೆ. ರಾಷ್ಟ್ರಗೀತೆಯ ಎರಡನೇ ಚರಣ ನನಗೆ ಬಾರದು. ನಿಮಗೆ ಬರುತ್ತದೆಯೇ? ಫ್ರೆಂಚಳಾಗಿರುವುದರಲ್ಲಿ ನನಗೆ ಮೂರು ಅಂಕವೂ ಬರಲಾರದು. ಆಗ ನನ್ನನ್ನು ಯಾವ ದೇಶಕ್ಕೆ ಅಟ್ಟುತ್ತೀರಿ?

ಇನ್ನೊಂದು ವಿಷಯ ಹೇಳಬೇಕು. ಇದಕ್ಕೆ ನಿಮ್ಮ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಹೋದ ಜನವರಿಯಲ್ಲಿ ನನ್ನ ಮಲಗುವ ಕೋಣೆಯ ಹೀಟರು, ಅದೂ ಕೊಳವೆಯಲ್ಲಿ ಬಿಸಿನೀರು ಹರಿಯುವಂಥದ್ದೇ, ತಣ್ಣಗಾಯಿತು. ರಿಪೇರಿಯವನು ಬರುವೆನೆಂದು ಹೇಳಿ ಬರಲಿಲ್ಲ. ನಾನು ಎರಡು ಸ್ವೆಟರು ಹಾಕಿಕೊಂಡು ಎಲ್ಲರನ್ನೂ ಬೈಯುತ್ತ ಓಡಾಡುತ್ತಿದ್ದೆ. ಹುಡುಗ ಮೇಲಿನಿಂದ ಇಳಿದು ಬಂದ. ಗೋಡೆಯ ಪಕ್ಕ ಮಂಡಿಯೂರಿ, ಕೊಳವೆಗೆ ಅಂಗೈ ಒತ್ತಿ, ಕಿವಿಯಿಟ್ಟು, ಕಣ್ಣು ಮುಚ್ಚಿದ. ನಾನು ಏನೋ ಹೇಳಹೊರಟರೆ ಬೆರಳು ತುಟಿಗಿಟ್ಟು ಸುಮ್ಮನಾಗಿಸಿದ. ನನ್ನನ್ನು ಹಾಗೆ ಸುಮ್ಮನಾಗಿಸಿದವರು ಈ ಊರಿನಲ್ಲಿ ಯಾರೂ ಇಲ್ಲ.

“ಏನೋ ಮಾಡ್ತಾ ಇದ್ದೀಯ?” ಎಂದೆ ಕೊನೆಗೆ.

“ನೀರು ಎಲ್ಲಿ ನಿಂತಿದೆ ಅಂತ ಕೇಳ್ತಾ ಇದ್ದೀನಿ ಮೇಮೆ. ಅಪ್ಪ ಹೀಗೇ ಕೇಳೋದು. ಅಪ್ಪಂಗೆ ಹೇಳಿಕೊಟ್ಟಿದ್ದು ಅವರ ಅಮ್ಮ. ಅವರು ಬಾಯ್ಲರ್ ಮನೇಲಿ ಕೆಲಸಕ್ಕಿದ್ರು.”

ನೀವು ಹುಡುಕುತ್ತಿದ್ದ ಬೇರು ಅಲ್ಲಿತ್ತು, ಮಾನ್ಯರೇ, ನನ್ನ ಮಂಚದ ಪಕ್ಕದಲ್ಲಿ ಮಂಡಿಯೂರಿತ್ತು. ಅದಕ್ಕೆ ಬಾಲವಿರಲಿಲ್ಲ, ಲಾಳವಿರಲಿಲ್ಲ, ಅಷ್ಟೇ.

ಬರುವ ಗುರುವಾರ ನಿಮ್ಮ ಸಮಿತಿ ಕೂತು ಅಂಕಗಳಿಗೆ ಕೊನೆಯ ಸಹಿ ಹಾಕುತ್ತದೆ ಎಂದು ಕೇಳಿದ್ದೇನೆ. ಹುಡುಗ ಪುಸ್ತಕಗಳನ್ನು ಆಗಲೇ ರಟ್ಟಿನ ಪೆಟ್ಟಿಗೆಗೆ ತುಂಬಿದ್ದಾನೆ. ನಾನು ಎರಡು ಸಲ ತೆಗೆದು ಕಪಾಟಿನಲ್ಲಿಟ್ಟೆ. ಅವನು ಮತ್ತೆ ತುಂಬಿದ. ನನ್ನ ಬೇಡಿಕೆ ಒಂದೇ. ಜೂನ್ ತಿಂಗಳಲ್ಲಿ ಅವನು ಕೊಳವೆಗಳ ಬಗ್ಗೆ ಹೇಳಲು ಹೊರಟದ್ದನ್ನು ಗುರುವಾರ ನೀವೇ ಕೂತು ಪೂರ್ತಿ ಕೇಳಿ, ನಡುವೆ ಬಾಯಿ ಹಾಕದೆ ಕೇಳಿ, ಆಮೇಲೆ ಅಂಕ ಕೊಡಿ. ಅದಾಗದು, ನಿಯಮ ನಿಯಮವೇ ಎನ್ನುವುದಾದರೆ ಅದನ್ನು ಪೂರ್ತಿ ಪಾಲಿಸಿ. ನಿಮ್ಮ ಗೋಡೆಯ ಮೇಲಿನ ಲೆಕ್ಕದಲ್ಲಿ ನಮ್ಮ ಮನೆಯಲ್ಲಿರುವ ಮಂಗೋಲಳು ನಾನೊಬ್ಬಳೇ. ಪರವಾನಗಿ ಇಲ್ಲದೆ ಎಪ್ಪತ್ತಮೂರು ವರ್ಷದಿಂದ ಇಲ್ಲಿದ್ದೇನೆ. ಮಂಗೋಲಿಯಕ್ಕೆ ಒಬ್ಬರನ್ನು ಕಳಿಸಲೇಬೇಕಿದ್ದರೆ ನನ್ನನ್ನು ಕಳಿಸಿ. ಕುರಿಚರ್ಮದ ಕೋಟು ಬಾಗಿಲ ಮೊಳೆಗೆ ತೂಗುಹಾಕಿದೆ. ಒಂಬತ್ತನೇ ಮಹಡಿಯಲ್ಲಿ ಚಳಿಗಾಲದಲ್ಲೂ ಬೆಚ್ಚಗಿರುತ್ತದಂತೆ. ಅವರಪ್ಪ ನೋಡಿಕೊಳ್ಳುತ್ತಾನೆ. ಹುಡುಗ ಇಲ್ಲೇ ಇದ್ದು ಓದು ಮುಗಿಸಲಿ, ನನ್ನ ಕೋಣೆಯ ಹೀಟರನ್ನು ಆಗಾಗ ಕೇಳಿಸಿಕೊಳ್ಳುತ್ತಿರಲಿ.

ಇಂತಿ,
ಮಂಗೋಲಳಾಗಿರುವುದರಲ್ಲಿ ಪಾಸಾಗಿ ನಾಚಿಕೆಪಡುತ್ತಿರುವ
ಗಿಲೆನ್ ದೆಲಪ್ಲಾಂಕ್
ಕುದುರೆ ಮಾಂಸದ ಅಂಗಡಿ (ಮುಚ್ಚಿದೆ), ಕಾಲುವೆಯ ಈಚೆ ದಡ