ಕರಡಿಗೆ ಯಾವ ಬಂದೂಕು

ಕೊಡಿಯಾಕ್ ದ್ವೀಪ
ಸೆಪ್ಟೆಂಬರ್ ೧೯

ಪ್ರೀತಿಯ ತಮ್ಮ ಅಫೋನಿಗೆ,

ಹೇಗಿದ್ದೀಯಪ್ಪ? ಹಡಗಿನಲ್ಲಿ ಜಾರಿ ಮೊಣಕೈಗೆ ಪೆಟ್ಟಾಯಿತು ಎಂದು ಬರೆದಿದ್ದೆಯಲ್ಲ, ವಾಸಿಯಾಯಿತೆ? ಒದ್ದೆ ಕಾಲುಚೀಲದಲ್ಲೇ ಮಲಗಬೇಡ. ನಿನ್ನ ಸೋಮಾರಿತನ ನನಗೆ ಗೊತ್ತು. ಮಕಾರ್ ಮಾವ ಈಗ ದಿಂಬಿಗೊರಗಿ ಕೂರುತ್ತಾರೆ. ಕಳೆದ ತಿಂಗಳು ತೊರೆಯಾಚೆ ಹಣ್ಣು ಬಿಡಿಸುವಾಗ ಕರಡಿ ಮೇಲೆ ಬಿದ್ದು ಅವರ ಎಡಗೈಯ ಮೂರು ಬೆರಳು ಹೋದವು. "ಗಿಟಾರು ಹೋಯ್ತು, ಇಸ್ಪೀಟು ಉಳೀತು ಬಿಡೆ" ಎಂದು ನಗುತ್ತಾರೆ. ಅತ್ತೆ ಮಾತ್ರ ನಗುವುದಿಲ್ಲ. ಅವರಿಗೆ ಒತ್ತಾಸೆಯಾಗಿ ನಾನು ಇಲ್ಲೇ ಬಂದಿದ್ದೇನೆ.

ಆ ಕರಡಿ ಅಷ್ಟಕ್ಕೇ ಹೋಗಲಿಲ್ಲ. ಬೆಳಗಿನ ಮಂಜಿನಲ್ಲಿ ಮೀನು ಹೊಗೆ ಹಾಕುವ ಗುಡಿಸಲಿನ ಬಳಿ ಬಂದು ನಿಲ್ಲುತ್ತಿತ್ತು. ಹರಿದ ಕಿವಿ ನೋಡಿ ಮಾವ ಕಿಟಕಿಯಿಂದಲೇ ಅದರ ಗುರುತು ಹಿಡಿದರು. ಒಂದು ಮೀನನ್ನೂ ಮುಟ್ಟುತ್ತಿರಲಿಲ್ಲ. ಹಿಂಗಾಲ ಮೇಲೆ ಎದ್ದು, ಯಾರೋ ಹೊರಗೆ ಬರಲೆಂದು ಕಾಯುವ ಮನುಷ್ಯನ ಹಾಗೆ ಮನೆಯನ್ನೇ ನೋಡುತ್ತಿತ್ತು. ನಾಯಿ ಬೊಗಳದೆ ಮಂಚದಡಿ ಸೇರುತ್ತಿತ್ತು. ಒಂದು ದಿನ ಬಾಗಿಲು ತೆಗೆದರೆ, ಹಿಂದಿನ ಸಂಜೆ ನೀರು ತಂದ ನನ್ನ ಬೂಟಿನ ಗುರುತುಗಳ ಮೇಲೆಯೇ ಅದರ ಹೆಜ್ಜೆಗಳು, ಒಂದೂ ತಪ್ಪದೆ, ಹೊಸ್ತಿಲ ತನಕ.

ಅಂದೇ ಮನೆಯಲ್ಲಿದ್ದ ಎರಡು ಬಂದೂಕನ್ನೂ ಮಾವನ ಹಾಸಿಗೆಯ ಮೇಲಿಟ್ಟೆ. ನನ್ನ ಮನಸ್ಸಿದ್ದದ್ದು ಅಪ್ಪನ ರೈಫಲ್ ಮೇಲೆ. ದೂರದ ಗುರಿ ತಪ್ಪುವುದಿಲ್ಲ. "ದೂರದ ಕರಡಿ ನಿನ್ನ ತಂಟೆಗೆ ಬರಲ್ಲ ಕಣೆ. ಬರೋದು ಹತ್ತು ಹೆಜ್ಜೆಯೊಳಗೆ. ಆಗ ಒಂದು ಕಣ್ಣು ಮುಚ್ಚೋಕೆ ಪುರುಸೊತ್ತೆಲ್ಲಿ?" ಎಂದರು ಮಾವ. ಅಂಗಳದಲ್ಲಿ ಡಬ್ಬ ಇಟ್ಟು, ಅವರು ಮೂರು ಎಣಿಸುವುದರೊಳಗೆ ಎರಡು ಗುಂಡು ಹೊಡೆಯಬೇಕೆಂದರು. ರೈಫಲಿನಲ್ಲಿ ಒಂದೇ ಆಯಿತು. ಒಂಟಿ ಗುಂಡಿನ ದಪ್ಪ ತೋಟಾ ಹಾಕುವ ಗಿಡ್ಡ ಬಂದೂಕಿನಲ್ಲಿ ಎರಡೂ ಬಿದ್ದವು. ಭುಜ ನೀಲಿಗಟ್ಟಿತು, ಆದರೂ ಅದನ್ನೇ ಆರಿಸಿದೆ.

ಹೋದ ಮಂಗಳವಾರ ಸೌದೆಗೆ ಹೋದಾಗ ಮಂಜಿನೊಳಗೆ ಯಾರೋ ಏದುಸಿರು ಬಿಡುವುದು ಕೇಳಿಸಿತು. "ಹೋಗಪ್ಪ, ನಿನ್ನ ದಾರಿ ನೀನು ಹಿಡಿ" ಎಂದು, ಅಜ್ಜಿ ಕರಡಿಗಳಿಗೆ ಹೇಳುತ್ತಿದ್ದ ಹಾಗೆ, ಮೆಲ್ಲಗೆ ಹೇಳಿದೆ. ಉಸಿರು ನಿಂತಿತು. ಕೇಳಿಸಿಕೊಳ್ಳುತ್ತಿದೆ ಅನ್ನಿಸಿತು. ಮರುಕ್ಷಣ ನುಗ್ಗಿತು. ಎರಡು ಗುಂಡು ಹೊಡೆದೆ. ಅದು ಬಿದ್ದದ್ದು ನನ್ನಿಂದ ನಾಲ್ಕು ಹೆಜ್ಜೆಯಲ್ಲಿ, ಕಣ್ಣು ತೆರೆದೇ ಇತ್ತು. ಕಾನೂನಿನ ಪ್ರಕಾರ ಸುಲಿದು, ಚರ್ಮ, ತಲೆಬುರುಡೆ ಸರ್ಕಾರಕ್ಕೆ ಒಪ್ಪಿಸಿದೆವು. ಸುಲಿದ ಮೇಲೆ ಮೈಯೆಲ್ಲ ಥೇಟ್ ಮನುಷ್ಯನದೇ. ಅತ್ತೆ ಒಳಗಿಂದ ದುಪ್ಪಟಿ ತಂದು ಹೊದಿಸಿದರು.

ಮಾವ, ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ. ಕಡಲ ಮೇಲೂ ದೇವರ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಅಕ್ಕ,
ಫೆಡೋಸ್ಯಾ

ಮರೆತ ಮಾತು: ಅಂಚೆ ವಿಮಾನ ಇಳಿಯಿತು, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಸುಲಿಯುವಾಗ ಅದರ ಭುಜದ ಕೀವಿನಲ್ಲಿ ನನ್ನದಲ್ಲದ ಗುಂಡು ಸಿಕ್ಕಿತು, ರಿವಾಲ್ವರಿನದು. ಊರಿನಲ್ಲಿ ರಿವಾಲ್ವರ್ ಇದ್ದದ್ದು ನಿನ್ನೊಬ್ಬನ ಹತ್ತಿರ. ಜೂನ್‌ನಲ್ಲಿ ಕರಡಿ ಎದುರಾದಾಗ "ಗಾಳೀಲಿ ಹಾರಿಸ್ದೆ, ಹೆದರಿ ಓಡ್ತು" ಅಂತ ನೀನು ಅಂದಿದ್ದೆ. ಆ ಗುಂಡನ್ನು ನಾನು ಯಾರಿಗೂ ತೋರಿಸಿಲ್ಲ. "ನಾನು ಅದಕ್ಕೇನು ಮಾಡಿದ್ದೆ, ನನ್ನ ಮೇಲೆ ಯಾಕೆ ಬಂತು?" ಎಂದು ಮಾವ ದಿನಾ ಕೇಳುತ್ತಾರೆ. ಬಂದು ನೀನೇ ಹೇಳು, ತಮ್ಮ.