ಇಪ್ಪತ್ತನಾಲ್ಕು ಇಂಚು

ಚಿತ್ರದುರ್ಗ
ಗುರುವಾರ, 13 ನವೆಂಬರ್ 2025

ಶಾಹಿದ್ ಅವರಿಗೆ ಹುಮೇರಾಳ ಸಲಾಂ.

ಮದುವೆಗೆ ಮುಂಚೆ ನೀವು ಒಪ್ಪಿಕೊಂಡದ್ದು ಇಷ್ಟು. ಹೊಲಿಗೆ ಮೆಷಿನ್ನಿಗೆ ಕಿಟಕಿ ಪಕ್ಕ ಜಾಗ. ನನ್ನ ಸಾಮಾನಿಗೆ ಒಂದು ಬೀರು, ಅದರ ಬೀಗದ ಕೈ ನನ್ನ ಹತ್ತಿರ. ತಿಂಗಳಿಗೊಂದು ಸಲ ಮಹಿಳಾ ಸಂಘಟನೆಯ ಸಭೆಗೆ ಹೋಗಲು ಅಡ್ಡಿಯಿಲ್ಲ. ನನ್ನದು ಅಂತ ಇರುವುದನ್ನು ನನ್ನನ್ನು ಕೇಳದೆ ಯಾರೂ ಮುಟ್ಟುವುದಿಲ್ಲ.

ಹಿರಿಯೂರಿನ ಮನೆಯಲ್ಲಿ ಆರು ವರ್ಷಕ್ಕೆ ಸಿಕ್ಕಿದ್ದು ಇಷ್ಟು. ಕಿಟಕಿ ಪಕ್ಕ ನಿಮ್ಮ ಪಾರಿವಾಳಗಳ ಜೋಳದ ಮೂಟೆ ಬಂತು, ಮೆಷಿನ್ನು ಅಡುಗೆಮನೆ ಮೂಲೆಗೆ ಹೋಯಿತು. ಬೀರು ಬಂತು, ಬೀಗದ ಕೈ ನಿಮ್ಮ ಜೇಬಿನಲ್ಲೇ ಉಳಿಯಿತು. ಸಭೆಗೆ ಎರಡು ಸಲ ಹೋದೆ. ಮೂರನೇ ಸಲ ನೆಂಟರು ಬರುತ್ತಾರೆ ಅಂದಿರಿ. ಆಮೇಲೆ ಪ್ರತಿ ತಿಂಗಳೂ ಸರಿಯಾಗಿ ಅದೇ ದಿನ ನೆಂಟರು ಬಂದರು. ನಾಲ್ಕನೆಯದು ಏನಾಯಿತು ಅಂತ ಇಬ್ಬರಿಗೂ ಗೊತ್ತು. ಆದರೂ ಮುಂದೆ ಬರೆಯುತ್ತೇನೆ. ಗೊತ್ತಿದ್ದದ್ದನ್ನು ಬರೆದಿಡದೆ ಹೋದರೆ ಆಮೇಲೆ ಅದು ನಡೆದೇ ಇಲ್ಲ ಅನ್ನುವವರು ಹುಟ್ಟಿಕೊಳ್ಳುತ್ತಾರೆ.

ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ದನಿ ಏರಿಸುತ್ತೇನೆ, ಕೊನೆಗೆ ಜಗಳವೆಲ್ಲ ನನ್ನ ದನಿಯ ಮೇಲೇ ಆಗುತ್ತದೆ. ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಉರ್ದು ನಮಗೆ ಜಗಳಕ್ಕೆ ಸಾಕು, ಬರೆಯೋಕೆ ಸಾಲದು. ಅದಕ್ಕೆ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ನಿಮ್ಮ ಮಕ್ಸೂದ್ ಮಾಮು ದುರ್ಗದ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. ನನ್ನ ಅಬ್ಬಾ ಕೂತು ಗುಂಡಿಯ ಕಾಜಾ ಹೊಲಿಯುತ್ತಿದ್ದ ಸ್ಟೂಲಿನ ಮೇಲೆ ಕೂತು ಎರಡು ಲೋಟ ಚಹಾ ಕುಡಿದರು. ಎದುರಿನ ಕುರ್ಚಿಯಲ್ಲಿ ನನ್ನ ಹೊಸ ಗೊಂಬೆ ಕೂತಿತ್ತು. ಇದಕ್ಕೂ ಚಹಾ ಕೊಡ್ತೀಯೇನಮ್ಮ ಅಂತ ಕೇಳಿದರು. ಆಮೇಲೆ ನಿಮ್ಮ ಮಾತು ಮುಟ್ಟಿಸಿದರು.

"ವಾಪಸ್ ಬಾರಮ್ಮ. ಗೊಂಬೆ ಬ್ಯಾಡ ಅಂತ ಯಾರೂ ಅನ್ನಲ್ಲ. ಸಣ್ಣವು ತಗೊಂಡ್ ಬಾ, ಬೀರುವಿನಾಗೆ ಇಟ್ಕ. ನಿಮ್ಮತ್ತೆ ಕಣ್ಣಿಗೆ ಬೀಳದಂಗಿದ್ರೆ ಆತು. ಆಕೆ ಒಪ್ಪಲ್ಲ."

ಯೋಚಿಸಿ ಬರೆಯುತ್ತೇನೆ ಅಂದೆ. ಎದ್ದು ಹೋಗುವಾಗ ನನಗೆ ಸಲಾಂ ಹೇಳಿದವರು ಗೊಂಬೆಯ ಕಡೆಗೂ ಒಂದು ಸಲ ತಲೆ ಆಡಿಸಿದರು. ಒಳ್ಳೆಯ ಮನುಷ್ಯರು.

ಸಣ್ಣವು ಅಂದರೆ ಎಷ್ಟು ಸಣ್ಣವು? ಅಳತೆಯಿಲ್ಲದೆ ಬಟ್ಟೆ ಕತ್ತರಿಸುವ ಮನೆಯಲ್ಲಿ ನಾನು ಹುಟ್ಟಿಲ್ಲ. ನೀವು ಒಂದು ದಿನವೂ ಕೇಳದ ಅಳತೆಗಳನ್ನು ಈಗ ನಾನೇ ಹೇಳುತ್ತೇನೆ.

ಇವು ಕೀಲುಗೊಂಬೆಗಳು. ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮಂಡಿ, ಎಲ್ಲ ಕಡೆ ಗೋಲಿಯಂಥ ಕೀಲು. ಒಳಗೆ ಎಲಾಸ್ಟಿಕ್ ಹುರಿ ಬಿಗಿದಿರುತ್ತದೆ, ಆ ಬಿಗಿಯಿಂದಲೇ ಗೊಂಬೆ ಕೂರುತ್ತದೆ, ನಿಲ್ಲುತ್ತದೆ, ಕೈ ಎತ್ತುತ್ತದೆ. ಮನುಷ್ಯರ ಎತ್ತರದಲ್ಲಿ ಎಷ್ಟನೇ ಒಂದು ಪಾಲು ಅಂತ ಇವುಗಳ ಸೈಜು ಹೇಳುತ್ತಾರೆ.

ಮೊದಲನೆಯದು ಹನ್ನೆರಡನೇ ಒಂದು. ಆರು ಇಂಚು. ಮದುವೆಯಾದ ವರ್ಷ ತರಿಸಿದ್ದು, ಮೆಷಿನ್ನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಜೊತೆ ಮಲಗಿತ್ತು. ಡ್ರಾಯರಿನ ಉದ್ದ ಆರೂವರೆ. ನಾನು ಗೊಂಬೆಯನ್ನು ಆರಿಸಲಿಲ್ಲ, ಡ್ರಾಯರು ಆರಿಸಿತು.

ಎರಡನೆಯದು ಆರನೇ ಒಂದು. ಹನ್ನೊಂದು ಇಂಚು. ರವಿಕೆ ಕಣಗಳ ಚೀಲದ ತಳದಲ್ಲಿ ಇಟ್ಟಿದ್ದೆ. ಯಾರಾದರೂ ಕೈ ಹಾಕಿದರೆ ಕತ್ತರಿ ಅಂದುಕೊಳ್ಳಲಿ ಅಂತ.

ಮೂರನೆಯದು ನಾಲ್ಕನೇ ಒಂದು. ಹದಿನೇಳು ಇಂಚು. ಬೀರುವಿನ ಮೇಲಿದ್ದ ನನ್ನ ಸೂಟ್‌ಕೇಸಿನ ಒಳ ಅಳತೆ ಹದಿನೆಂಟು. ಅದಕ್ಕೆ ಉಸಿರಾಡಲು ಒಂದು ಇಂಚು ಬಿಟ್ಟಿದ್ದೆ.

ಗೊಂಬೆ ಕೂಡಿಡುವವರ ಗುಂಪೊಂದು ಫೋನಿನಲ್ಲಿದೆ. ಯಾವ ಸೈಜು ಆರಿಸಿದ್ರಿ, ಯಾಕೆ, ಅಂತ ಅಲ್ಲಿ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ. ಒಬ್ಬಳು ದೊಡ್ಡ ಮುಖದಲ್ಲಿ ಕಣ್ಣು ಚೆನ್ನಾಗಿ ಕೂರುತ್ತವೆ ಅಂತಾಳೆ. ಇನ್ನೊಬ್ಬಳಿಗೆ ಪ್ರವಾಸಕ್ಕೆ ಒಯ್ಯಲು ಸಣ್ಣದು ಬೇಕು. ನಾನು ಕೈಗೆ ಹಗುರ ಅಂತ ಬರೆದೆ. ಐದು ವರ್ಷ ಅದೇ ಸುಳ್ಳು ಬರೆದೆ. ಗಂಡನಿಗೆ ಕಾಣದಷ್ಟು ಉದ್ದ ಅಂತ ಬರೆಯಲು ನಾಚಿಕೆಯಾಯಿತು. ಬೀದಿಯಲ್ಲಿ ನಿಂತು ಧಿಕ್ಕಾರ ಕೂಗಿದ ಗಂಟಲು ಇದು, ಮನೆಯೊಳಗೆ ಸೂಟ್‌ಕೇಸಿನ ಅಳತೆ ಹಿಡಿಯುತ್ತಿತ್ತು.

ಈಗ ನಾಲ್ಕನೇ ಮಾತಿಗೆ ಬರುತ್ತೇನೆ. ಬಕ್ರೀದಿಗೆ ಮನೆ ಗುಡಿಸಿ ಒರೆಸುವಾಗ ನೀವು ಸೂಟ್‌ಕೇಸ್ ಇಳಿಸಿದಿರಿ. ಒಳಗಿದ್ದದ್ದನ್ನು ತೆಗೆದು ನಿಮ್ಮ ತಂಗಿಯ ಮಗಳು ಮಹ್ವಿಶ್ ಕೈಗೆ ಕೊಟ್ಟಿರಿ. ನಾನು ಅಡುಗೆಮನೆಯಲ್ಲಿದ್ದೆ. ಎರಡು ಕೈಗೂ ಒಂದೇ ಹುರಿ ಇರುತ್ತದೆ, ಎದೆಯ ಮೂಲಕ ಹಾಯ್ದು ಹೋಗುತ್ತದೆ. ಒಂದು ಕೈ ಜಗ್ಗಿ ಹುರಿ ಹರಿದರೆ ಎರಡೂ ಬೀಳುತ್ತವೆ. ನಾನು ಬರುವಷ್ಟರಲ್ಲಿ ಬಿದ್ದಿದ್ದವು. ಎಡಗೈ ಸಿಗಲೇ ಇಲ್ಲ. ಬೋರ್‌ವೆಲ್ ಮೋಟಾರಿಗೆ ದಿನಾ ತಂತಿ ಸುತ್ತುವವರು ನೀವು. ಹದ ಮೀರಿ ಎಳೆದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿರಲಿಲ್ಲ.

ಮಗುವಿನ ತಪ್ಪಿಲ್ಲ. ಕೇಳಿದ್ದರೆ ನಾನೇ ತೊಡೆಯ ಮೇಲೆ ಕೂರಿಸಿಕೊಂಡು ಕೀಲು ಹೇಗೆ ಆಡಿಸಬೇಕು ಅಂತ ತೋರಿಸುತ್ತಿದ್ದೆ. ಗೊಂಬೆ ತಾನೆ, ಇನ್ನೊಂದು ತಂದುಕೊಡ್ತೀನಿ ಬಿಡು ಅಂದಿರಿ. ನಿಮ್ಮ ಬಿಳಿ ಪಾರಿವಾಳದ ಜೋಡಿಯಲ್ಲಿ ಒಂದನ್ನು ಬೆಕ್ಕು ಹಿಡಿದಾಗ ನೀವು ಎರಡು ದಿನ ಅಂಗಡಿ ತೆರೆಯಲಿಲ್ಲ. ಆಗ ನಾನು ಆ ಮಾತು ಆಡಿದ್ದೆನಾ? ಗೊಂಬೆ ಮುರಿದ ಮೂರನೇ ದಿನ ನಾನು ಮೆಷಿನ್ನು ಆಟೋಗೆ ಹಾಕಿಸಿ ದುರ್ಗಕ್ಕೆ ಹೊರಟೆ. ನೀವು ಮಾಳಿಗೆಯಲ್ಲಿ ಹಕ್ಕಿ ಹಾರಿಸುತ್ತಿದ್ದಿರಿ, ಇಳಿದು ಬರಲಿಲ್ಲ.

ಊರು ಆಗಲೇ ತೀರ್ಪು ಕೊಟ್ಟಾಗಿದೆ. ಮಗು ಆಗಿಲ್ಲ, ಅದಕ್ಕೆ ಗೊಂಬೆ. ಅಲ್ಲ. ಮಗುವಿನ ಮಾತು ಬೇರೆ, ಅದನ್ನು ನಾವಿಬ್ಬರೂ ಡಾಕ್ಟರ ಮುಂದೆ ಆಡಿದ್ದೇವೆ, ಅಲ್ಲೇ ಇರಲಿ. ನಿಮ್ಮ ಮಾಳಿಗೆಯಲ್ಲಿ ನಲವತ್ತು ಪಾರಿವಾಳ ಇವೆ. ಒಂದೊಂದಕ್ಕೂ ಹೆಸರಿದೆ. ಅವು ಯಾರಿಗೆ ಬದಲು ಅಂತ ಯಾರೂ ನಿಮ್ಮನ್ನು ಕೇಳಲಿಲ್ಲ. ಗಂಡಸಿಗೆ ಶೋಕಿ, ಹೆಂಗಸಿಗೆ ಕೊರತೆ. ಈ ಲೆಕ್ಕ ಬರೆದವರು ಯಾರು?

ನನ್ನ ಸಂಘಟನೆಯವರೂ ಕಡಿಮೆಯಿಲ್ಲ. ಹೊಸದುರ್ಗದ ಶೋಭಾರಾಣಿ ನಿಮಗೆ ಗೊತ್ತು, ನಮ್ಮ ಮದುವೆಗೆ ಘೋಷಣೆ ಕೂಗುತ್ತಾ ಬಂದವಳು. ಗೊಂಬೆ ನೋಡಿ, ಹೋರಾಟದಾಗೆ ಇದು ಎಲ್ಲಿಂದ ಬಂತೇ ಅಂತ ಛೇಡಿಸಿದಳು. ಉಳ್ಳವರ ಆಟ ಅಂದಳು. ಗೊಂಬೆ ಗುಂಪಿನ ಮೈಸೂರಿನ ಮಾನಸ ಅನ್ನುವವರು ಸಾಕಾಗಿ ಮಾರಿದ್ದನ್ನು ನಾನು ರವಿಕೆ ಹೊಲಿದ ದುಡ್ಡಲ್ಲಿ ಕೊಂಡೆ, ಉಳ್ಳವಳು ಯಾರೇ ಅಂದೆ. ಅರ್ಧ ಗಂಟೆ ಆದ ಮೇಲೆ, ಮಂಡಿ ಮಡಚೋದು ಹೆಂಗೆ ತೋರ್ಸು ಅಂದಳು.

ಐಮಂಗಲದ ಹತ್ತಿರ ಒಂದು ಗಾರ್ಮೆಂಟ್ಸ್ ಮುಂದೆ ನಾನು, ಅವಳು ಹನ್ನೊಂದು ದಿನ ಧರಣಿ ಕೂತದ್ದು ನಿಮಗೆ ಹೇಳಿದ್ದೆ. ಇನ್ನೂರು ಹೆಂಗಸರಿಗೆ ನಾಲ್ಕು ಶೌಚಾಲಯ ಕೇಳಬೇಕಿತ್ತು. ಕೊಡಲ್ಲ ಅಂತ ಹೆದರಿ ಒಂದು ಕೇಳಿದೆವು. ಒಂದು ಕಟ್ಟಿಸಿದರು, ಬಾಗಿಲಿಗೆ ಚಿಲಕ ಇರಲಿಲ್ಲ. ಮಾಮು ಮೊನ್ನೆ ಸಣ್ಣವು ಅಂದಾಗ ನನಗೆ ಆ ಬಾಗಿಲು ನೆನಪಾಯಿತು.

ಹೊಸ ಗೊಂಬೆ ಮೂರನೇ ಒಂದು. ಇಪ್ಪತ್ತನಾಲ್ಕು ಇಂಚು. ಇದನ್ನೇ ಆರಿಸಲು ಕಾರಣ ನಾಲ್ಕು. ಮೂರು ಇಲ್ಲಿ ಹೇಳುತ್ತೇನೆ.

ಒಂದು, ಇದು ಯಾವ ಡ್ರಾಯರಿಗೂ, ಯಾವ ಸೂಟ್‌ಕೇಸಿಗೂ ಹಿಡಿಯುವುದಿಲ್ಲ. ನಿಮ್ಮ ಬೀರುವಿನ ಒಂದೊಂದು ಅಂಕಣ ಹದಿನಾಲ್ಕು ಇಂಚು, ನಾನು ಅಳೆದಿದ್ದೇನೆ. ಎರಡು, ಎರಡು ಕೇಜಿಗೂ ಹೆಚ್ಚು ತೂಗುತ್ತದೆ, ಒಂದು ಕೈಯಲ್ಲಿ ಎತ್ತಿ ಯಾರಿಗೋ ಕೊಟ್ಟುಬಿಡಲು ಆಗುವುದಿಲ್ಲ. ಮೂರು, ಇದು ಕೂರಬೇಕಾದರೆ ಒಂದು ಕುರ್ಚಿಯೇ ಬೇಕು. ಈಗ ನನ್ನ ಎದುರು ಒಂದರಲ್ಲಿ ಕೂತಿದೆ. ಹಸಿರು ಸಲ್ವಾರ್ ಕಮೀಜ್ ಹಾಕಿದೆ. ಸಲ್ವಾರಿನ ಕಾಲಂಚಿನಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿದಿದೆ. ಬೆಳೆಯುವ ಮಕ್ಕಳ ಬಟ್ಟೆಗೆ ನಮ್ಮ ದರ್ಜಿ ಮನೆಗಳಲ್ಲಿ ಹಾಗೆ ಬಿಡುತ್ತಾರೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲು. ಗೊಂಬೆಗೆ ಅದು ಬೇಡ. ಹೊಲಿದವರ ತಪ್ಪು. ನಾನು ತಿದ್ದಿಲ್ಲ.

ಮೈಸೂರಿನಿಂದ ತರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿದ್ದೆ. ಕಂಡಕ್ಟರು ನಮ್ಮ ಕಡೆಯವರೇ, ಕರಿಯಣ್ಣ ಅಂತ ಎದೆಯ ಮೇಲೆ ಹೆಸರಿತ್ತು. ನನ್ನ ಆಧಾರ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟರು. ಆಮೇಲೆ ಗೊಂಬೆಯನ್ನು ನೋಡಿ, ಹೆಣ್ಣೇ ಆದ್ರೂ ಆಧಾರ್ ತೋರಿಸ್ಬೇಕಮ್ಮ ಅಂದರು. ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ. ಐದು ವರ್ಷ ಬಚ್ಚಿಟ್ಟದ್ದನ್ನು ಐವತ್ತು ಜನರ ನಡುವೆ ಕೂರಿಸಿಕೊಂಡು ಬಂದೆ. ಯಾರಿಗೂ ಏನೂ ಆಗಲಿಲ್ಲ.

ಗೊಂಬೆ, ಚಿತ್ರ ಅಂತ ಆಕಾರ ಇರುವ ಮನೆಗೆ ಫರಿಶ್ತೆಗಳು, ದೇವದೂತರು ಬರಲ್ಲ, ಅಮ್ಮಿ ಒಪ್ಪಲ್ಲ ಅಂತ ನೀವು ಅಂದಿದ್ದಿರಿ. ಸಭೆಗೆ ಹೋಗುವುದನ್ನು ಅಮ್ಮಿ ಒಪ್ಪಲ್ಲ. ಕಿಟಕಿ ಪಕ್ಕ ಮೆಷಿನ್ನು ಅಮ್ಮಿ ಒಪ್ಪಲ್ಲ. ಆರು ವರ್ಷ ಕೇಳಿದೆ. ಇದೆಲ್ಲ ನಿಮ್ಮ ಬಾಯಲ್ಲಿ ಕೇಳಿದ್ದು. ನಿಮ್ಮ ಅಮ್ಮಿಯ ಬಾಯಲ್ಲಿ ಒಂದನ್ನೂ ಕೇಳಲಿಲ್ಲ. ನಾನೂ ಅವರನ್ನು ನೇರ ಕೇಳಲಿಲ್ಲ, ಅದು ನನ್ನ ತಪ್ಪು, ಬರೆದುಕೊಳ್ಳಿ.

ಇನ್ನೊಂದು ಮಾತು ಬರೆಯಬಾರದು ಅಂತಿದ್ದೆ. ಒಂದು ಸಲ ರೆಕ್ಕೆ ಮುರಿದ ಹಕ್ಕಿಗೆ ನೀವು ಪೊರಕೆ ಕಡ್ಡಿ ಕಟ್ಟಿ, ಬಾಯಿಗೆ ಹನಿ ಹನಿ ನೀರು ಬಿಟ್ಟದ್ದನ್ನು ನಾನು ಮೆಟ್ಟಿಲಲ್ಲಿ ನಿಂತು ನೋಡಿದ್ದೇನೆ. ಅಂಥ ಕೈ ಇರುವವರು ನೀವು. ಇಲ್ಲಿ ಬೆಳಗ್ಗೆ ತಲೆಯ ಮೇಲೆ ರೆಕ್ಕೆ ಸದ್ದಿಲ್ಲ. ಅಭ್ಯಾಸವಾಗಿಲ್ಲ.

ಹಾಗಾಗಿ ಬರುವ ಭಾನುವಾರ ಬರುತ್ತೇನೆ, ಗೊಂಬೆಯೂ ಬರುತ್ತದೆ. ಮುಂದಿನ ಕೋಣೆಯಲ್ಲಿ, ಬಾಗಿಲು ತೆರೆದರೆ ಕಾಣುವ ಕಡೆ, ಒಂದು ಕುರ್ಚಿ ಖಾಲಿ ಇರಲಿ. ಬೀರುವಿನ ಬೀಗದ ಕೈ ಅದರ ಮೇಲಿರಲಿ. ಕಿಟಕಿ ಪಕ್ಕದ ಮೂಟೆ ಮಾಳಿಗೆಗೆ ಹೋಗಿರಲಿ. ಇದ್ದರೆ ನಾನು ಉಳಿಯುತ್ತೇನೆ. ಅಂಗಡಿ ಮುಚ್ಚುವುದಿಲ್ಲ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಲ್ಲದಿದ್ದರೆ ಮಾತಿಲ್ಲ, ಜಗಳವೂ ಇಲ್ಲ. ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ನಾವಿಬ್ಬರೂ ವಾಪಸ್. ಆಮೇಲೆ ಮಾಮುವನ್ನು ಕಳಿಸಬೇಡಿ, ಅವರಿಗೆ ಮಂಡಿ ನೋವು.

ಇಂತಿ,
ಇನ್ನೂ ನಿಮ್ಮ ಹೆಂಡತಿ,
ಹುಮೇರಾ

ತಾ.ಕ.: ನಾಲ್ಕನೇ ಕಾರಣ. ಈ ಕಾಗದ ನಿಮಗೆ ಅಂಚೆಯಲ್ಲಿ ಬಂದಿಲ್ಲ. ತಂದುಕೊಟ್ಟವರು ಈಗ ನಿಮ್ಮ ಎದುರಿಗೇ ಕೂತಿರುತ್ತಾರೆ. ತಲೆ ಎತ್ತಿ ನೋಡಿ.

ಜೂನ್ ಕೊನೆಯಿಂದ ಪ್ರತಿ ಗುರುವಾರ ದುರ್ಗದ ಕಣ್ಣಾಸ್ಪತ್ರೆಗೆ ಅಂತ ಅಮ್ಮಿಯನ್ನು ನೀವೇ ಬಸ್ ಹತ್ತಿಸುತ್ತೀರಿ. ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಇರುವುದು ತಿಂಗಳಿಗೊಂದು ಸಲ, ಅರ್ಧ ಗಂಟೆ. ಉಳಿದ ಹೊತ್ತು ನನ್ನ ಅಂಗಡಿಯಲ್ಲಿರುತ್ತಾರೆ. ಮೊದಲ ಸಲ ಬಂದಾಗ ಕರ್ಚೀಫಿನಲ್ಲಿ ಏನೋ ಸುತ್ತಿ ತಂದಿದ್ದರು. ಬಿಚ್ಚಿದರೆ ಗೊಂಬೆಯ ಎಡಗೈ. ಮಂಚದ ಕೆಳಗೆ ಗುಡಿಸುವಾಗ ಸಿಕ್ಕಿತಂತೆ. ಇದನ್ನ ಕೂಡಿಸೋಕೆ ಆಗ್ತೈತೇನೇ ಅಂತ ಕೇಳಿದರು. ಅವರು ಕೊಕ್ಕೆ ಹಿಡಿದರು, ನಾನು ಹುರಿ ಎಳೆದೆ. ಸಣ್ಣವರಿದ್ದಾಗ ಚಿಂದಿ ಗೊಂಬೆಗಳಿಗೆ ಮದುವೆ ಮಾಡುತ್ತಿದ್ದದ್ದನ್ನು ಹೇಳುತ್ತಾ ಸೂಜಿ ಕೈಗೆತ್ತಿಕೊಂಡರು. ಹದಿನೇಳು ಇಂಚಿನ ಗೊಂಬೆಯ ಕಮೀಜಿಗೆ ತೋಳು ಹೊಲಿಯುವಾಗ ಮೂರು ಸಲ ಬೆರಳಿಗೆ ಚುಚ್ಚಿಕೊಂಡರು. ಇಷ್ಟು ಸಣ್ಣದು ನನ್ನ ಕಣ್ಣಿಗೆ ಕಾಣಲ್ಲ, ದೊಡ್ಡದು ತರಿಸು ಅಂದರು. ಸೈಜು ಆರಿಸಿದ್ದು ಅವರು.

ಎರಡು ಬೆರಳು ಮಡಚಿದ್ದೂ ಅವರೇ. ಗೊಂಬೆ ಬೆಳೆಯಲ್ಲ ಅಮ್ಮಿ ಅಂದೆ.

"ಬೆಳೆಯಲ್ಲ ಅಂತ ಯಾರಂದ್ರು? ಡ್ರಾಯರಿನಾಗಿದ್ದಳು, ಕುರ್ಚಿಗೆ ಬಂದಿಲ್ವೇನು?"

ಡ್ರಾಯರಿನದು ಅವರಿಗೆ ಮೊದಲ ವರ್ಷವೇ ಗೊತ್ತಿತ್ತಂತೆ.

ಇದನ್ನೆಲ್ಲ ಬರೆಯಲೇ ಅಂತ ಇವತ್ತು ಅವರನ್ನು ಕೇಳಿದೆ. ದಾರ ಕಚ್ಚಿ ಹರಿದು, ಬರ್ದುಬಿಡು ಅಂದರು. "ಆರು ವರ್ಷದಿಂದ ನನ್ನ ಬಾಯಾಗೆ ಅವನೇ ಮಾತಾಡ್ತಾವ್ನೆ."

ಕುರ್ಚಿ ಯಾವುದು ಅಂತ ಅವರು ಆಗಲೇ ನೋಡಿಟ್ಟಿದ್ದಾರೆ. ಭಾರ ಇದೆಯಂತೆ, ನೀವು ಎತ್ತಿ ಇಡಬೇಕು. ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ.